ಮೊದಲು ಐದನೇ ತಂತಿ ನೋಡಿ

ತಿಂಗಳಿಗೆ ಒಂದೆರಡು ಸಲವಾದರೂ ಈ ಫೋನ್ ಬರುತ್ತದೆ. "ಸರ್, ಎಪ್ಪತ್ತು ಸಾವಿರ ಇಟ್ಕೊಂಡಿದೀನಿ, ಫೈವ್ ಸ್ಟ್ರಿಂಗ್ ಫ್ರೆಟ್‌ಲೆಸ್ ಬೇಸ್ ಯಾವ್ದು ತಗೊಳ್ಲಿ?" ಫ್ರೆಟ್‌ಲೆಸ್ ಅಂದರೆ ಕುತ್ತಿಗೆಯ (ನೆಕ್) ಮೇಲೆ ಸ್ವರದ ಜಾಗ ಕಟ್ಟಿಕೊಡುವ ಲೋಹದ ಕಂಬಿಗಳು, ಅಂದರೆ ಫ್ರೆಟ್‌ಗಳು, ಇಲ್ಲದ ಬೇಸ್ ಗಿಟಾರ್. ಒಂದು ಕಂಪನಿ ಹೆಸರು ಹೇಳಿ ಫೋನ್ ಇಟ್ಟುಬಿಡಬಹುದು. ಆದರೆ ಆರು ತಿಂಗಳಾದ ಮೇಲೆ ಅದೇ ಬೇಸ್ ರಿಪೇರಿಗೆ ಅಂತ ನನ್ನ ಮೇಜಿನ ಮೇಲೆ ಬಂದು ಮಲಗುತ್ತದೆ. ದೂರು ಪ್ರತಿ ಸಲವೂ ಒಂದೇ: ನಾಲ್ಕು ತಂತಿ ಚೆನ್ನಾಗಿ ಹಾಡುತ್ತವೆ, ಐದನೆಯದು ಮಾತ್ರ ಒದ್ದೆ ಹಗ್ಗ ಬಡಿದ ಹಾಗೆ ಕೇಳುತ್ತದೆ. ಹಾಗಾಗಿ ಈಗ ನಾನೇ ತಿರುಗಿ ಕೇಳುತ್ತೇನೆ. ಐದು ತಂತಿ ಯಾಕೆ ಬೇಕು?

"ಕೆಳಗಿನ ಸ್ವರ ಸಿಗುತ್ತಲ್ಲ" ಅನ್ನುತ್ತಾರೆ. ಸಿಗುತ್ತದೆ, ನಿಜ. ನಾಲ್ಕು ತಂತಿಯ ಬೇಸಿನಲ್ಲಿ ಅತಿ ಮಂದ್ರದ ಇ ತಂತಿ 41.2 ಹರ್ಟ್ಸ್, ಐದರಲ್ಲಿ ಬಿ ತಂತಿ 30.87 ಹರ್ಟ್ಸ್. ಆದರೆ ನಮ್ಮ ಸಭಾಂಗಣಗಳ ಸ್ಪೀಕರಿನಲ್ಲಿ 31 ಹರ್ಟ್ಸ್ ಎಲ್ಲಿ ಕೇಳುತ್ತದೆ? ಮೊಬೈಲಿನ ಮಾತು ಬಿಟ್ಟೇ ಬಿಡಿ. ಕಿವಿಗೆ ಬೀಳುವುದು ಬಹುಪಾಲು ಮೇಲಿನ ಉಪಸ್ವರಗಳು.

ಫ್ರೆಟ್‌ಲೆಸ್‌ನಲ್ಲಿ ಐದನೇ ತಂತಿಯ ನಿಜವಾದ ಲಾಭ ಬೇರೆಯೇ ಇದೆ. ಬೆರಳಿಡದೆ ಮೀಟಿದ ತಂತಿ ಗಟ್ಟಿಯಾಗಿ, ಚೂಪಾಗಿ ಕೇಳುತ್ತದೆ. ಮರದ ಮೇಲೆ ಬೆರಳು ಒತ್ತಿ ಮೀಟಿದ ಸ್ವರ ಮೆತ್ತಗೆ, ಮನುಷ್ಯನ ದನಿಯ ಹಾಗಿರುತ್ತದೆ. ಒಂದೇ ಸಾಲಿನಲ್ಲಿ ಎರಡೂ ಬಂದರೆ ಇಬ್ಬರು ನುಡಿಸಿದ ಹಾಗಾಗುತ್ತದೆ. ಬಿ ತಂತಿ ಇದ್ದರೆ ಇ ಸ್ವರವನ್ನು ಅದರ ಐದನೇ ಜಾಗದಲ್ಲಿ (ಫ್ರೆಟ್ ಇದ್ದಿದ್ದರೆ ಐದನೇ ಫ್ರೆಟ್ ಬರುವಲ್ಲಿ) ಒತ್ತಿ ನುಡಿಸಬಹುದು, ಸ್ವಲ್ಪ ಕಂಪಿತ ಕೊಡಬಹುದು, ಕೆಳಗಿನಿಂದ ಜಾರಿಸಿಕೊಂಡು ಬರಬಹುದು. ಖಾಲಿ ತಂತಿಗೆ ಇದ್ಯಾವುದೂ ಆಗುವುದಿಲ್ಲ ಅಲ್ವಾ? ಇನ್ನು ಭಾವಗೀತೆಗೆ ಕೂತಾಗ ಗಾಯಕರು "ಕಪ್ಪು ಒಂದು" (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂದರು ಅಂತಿಟ್ಟುಕೊಳ್ಳಿ. ಷಡ್ಜ ಸಿ ಶಾರ್ಪ್. ನಾಲ್ಕು ತಂತಿಯಲ್ಲಿ ಅದು ಎ ತಂತಿಯ ನಾಲ್ಕನೇ ಜಾಗದಲ್ಲಿದೆ, ಅದರ ಕೆಳಗೆ ಇಳಿದರೆ ಅರ್ಧ ದಾರಿಯಲ್ಲೇ ಬೇಸ್ ಮುಗಿದುಹೋಗುತ್ತದೆ. ಐದು ತಂತಿಯಲ್ಲಿ ಅದೇ ಷಡ್ಜದ ಇನ್ನೊಂದು ಸ್ಥಾಯಿ ಕೆಳಗೆ, ಬಿ ತಂತಿಯ ಎರಡನೇ ಜಾಗದಲ್ಲಿ ಕಾದು ಕೂತಿರುತ್ತದೆ.

ಇದಿಷ್ಟೂ ಬಿ ತಂತಿ ಚೆನ್ನಾಗಿದ್ದರೆ ಮಾತ್ರ. ಐವತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಬೇಸುಗಳಲ್ಲಿ (ನಾನು ಮಧ್ಯಮ ಬೆಲೆ ಅನ್ನುವುದು ಇದನ್ನೇ) ಮೊದಲು ಎಡವುವುದೇ ಇಲ್ಲಿ.

ಅಂಗಡಿಗೆ ಹೋದಾಗ ಆಂಪ್ಲಿಫೈಯರಿಗೆ ಹಾಕಬೇಡಿ. ಹುಡುಗರು ಕೇಬಲ್ ಚುಚ್ಚಿಕೊಟ್ಟು "ಕೇಳಿ ಸರ್" ಅನ್ನುತ್ತಾರೆ, ಅಲ್ಲಿನ ಒಳ್ಳೆ ಸ್ಪೀಕರಿನಲ್ಲಿ ಎಲ್ಲವೂ ಗುಂಯ್ ಅನ್ನುತ್ತದೆ. ಬೇಸಿನ ಮೇಲಿನ ಕೊಂಬಿಗೆ ಕಿವಿ ಒತ್ತಿಕೊಂಡು ಸುಮ್ನೆ ಬಿ ತಂತಿ ಮೀಟಿ. ಆಮೇಲೆ ಅದರ ಐದನೇ ಜಾಗ ಒತ್ತಿ ಮೀಟಿ, ತಕ್ಷಣ ಖಾಲಿ ಇ ತಂತಿ ಮೀಟಿ. ಎರಡೂ ಒಂದೇ ಸ್ವರ. ದನಿಯ ಬಣ್ಣ ಬೇರೆ ಇರುತ್ತದೆ, ಇರಲಿ, ಆದರೆ ಸ್ವರ ಯಾವುದು ಅಂತ ಎರಡರಲ್ಲೂ ಅಷ್ಟೇ ಸಲೀಸಾಗಿ ಗೊತ್ತಾಗಬೇಕು. ಈಗ ಬಿ ತಂತಿಯನ್ನು ಜೋರಾಗಿ ಮೀಟಿ. ಮೀಟಿದ ಕೂಡಲೇ ಸ್ವರ ಮೇಲಕ್ಕೆ ಹಾರಿ ಆಮೇಲೆ ನಿಧಾನಕ್ಕೆ ಇಳಿದು ಕೂತರೆ ತಂತಿಯಲ್ಲಿ ಬಿಗಿ ಸಾಲದು ಅಂತ ಅರ್ಥ. ಹಾಗಂತ ಅಲ್ಲೇ ಬೇಡ ಅನ್ನಬೇಡಿ. ತಂತಿ ಎಷ್ಟು ಹಳೆಯದು, ದಪ್ಪ ಎಷ್ಟು ಅಂತ ಕೇಳಿ. ಒಂದು ವರ್ಷದಿಂದ ಗೋಡೆಗೆ ನೇತುಹಾಕಿದ .125 ಇಂಚು ದಪ್ಪದ ತಂತಿಯಾಗಿದ್ದರೆ, ಹೊಸ .130 ಹಾಕಿದ ಮೇಲೆ ಅದು ಬೇರೆಯೇ ವಾದ್ಯ ಆಗಬಹುದು.

ಅದುರುವ ತಂತಿಯ ಉದ್ದ 34 ಇಂಚಾ, 35 ಇಂಚಾ ಅನ್ನುವ ಜಗಳವೂ ಇದೇ ಬಿಗಿಯ ಬಗ್ಗೆ. ಅದೇ ತಂತಿಯನ್ನು ಅದೇ ಸ್ವರಕ್ಕೆ ಒಂದು ಇಂಚು ಹೆಚ್ಚು ಉದ್ದದ ಬೇಸಿನಲ್ಲಿ ಕಟ್ಟಿದರೆ ಬಿಗಿ ಶೇ. 6ರಷ್ಟು ಏರುತ್ತದೆ. ಬಿ ತಂತಿಗೆ ಒಳ್ಳೆಯದು, ನಿಮ್ಮ ಬೆರಳಿಗೆ ಕಷ್ಟ. 34ರಲ್ಲಿ ಮೊದಲ ಅರ್ಧಸ್ವರದ ಅಂತರ 48.5 ಮಿಲಿಮೀಟರ್, 35ರಲ್ಲಿ ಹತ್ತಿರ ಹತ್ತಿರ 50. ಒಂದೂವರೆ ಮಿಲಿಮೀಟರಿಗೆ ಇಷ್ಟು ಯೋಚನೆಯಾ ಅನ್ನಬೇಡಿ, ಫ್ರೆಟ್ ಇದ್ದಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಫ್ರೆಟ್‌ಲೆಸ್‌ನಲ್ಲಿ ಮೊದಲ ಜಾಗದ ಹತ್ತಿರ ಬೆರಳು ಒಂದು ಮಿಲಿಮೀಟರ್ ಸರಿದರೆ ಶ್ರುತಿ ಸುಮಾರು 2 ಸೆಂಟ್ ತಪ್ಪುತ್ತದೆ, ಹನ್ನೆರಡನೇ ಜಾಗದಲ್ಲಿ 4 ಸೆಂಟ್. ಅರ್ಧಸ್ವರ ಅಂದರೆ 100 ಸೆಂಟ್, ಅಷ್ಟರಲ್ಲಿ ಇದೆಷ್ಟು ಅನ್ನಿಸಬಹುದು. ಆದರೆ ಬೆರಳ ತುದಿಯೇ ಒಂದೂವರೆ ಸೆಂಟಿಮೀಟರ್ ಅಗಲ ಇರುತ್ತದೆ, ಸ್ವಲ್ಪ ಹೊರಳಿದರೂ ತಂಬೂರದ ಜೊತೆ ಬೇರೆಯಾಗಿ ನಿಲ್ಲುತ್ತದೆ. ಮೊದಲ ಫ್ರೆಟ್‌ಲೆಸ್ ತಗೊಳ್ಳುವವರಿಗೆ ನಾನು ಹೇಳುವುದು 34. ಈಗಾಗಲೇ 35ರ ಬೇಸ್ ನುಡಿಸುತ್ತಿದ್ದರೆ ಅದರಲ್ಲೇ ಇರಿ.

ಎರಡನೆಯದು ಫಿಂಗರ್‌ಬೋರ್ಡ್, ನೆಕ್ ಮೇಲೆ ಬೆರಳು ಒತ್ತುವ ಮರದ ಪಟ್ಟಿ. ಫ್ರೆಟ್ ಇರುವ ಬೇಸಿನಲ್ಲಿ ಮರ ಹೇಗಿದ್ದರೂ ನಡೆಯುತ್ತದೆ, ತಂತಿ ಮುಟ್ಟುವುದು ಲೋಹವನ್ನು. ಇಲ್ಲಿ ತಂತಿ ಮರವನ್ನೇ ಉಜ್ಜುತ್ತದೆ. ಆ "ಮ್ವಾ" ಅನ್ನುವ ದನಿ ಬರುವುದೂ ತಂತಿ ಮರದ ಮೇಲೆ ಉದ್ದಕ್ಕೂ ಹಗುರಾಗಿ ಸವರಿಕೊಂಡು ಅದುರುವುದರಿಂದ. ಮರದಲ್ಲಿ ಒಂದು ಕಡೆ ಉಬ್ಬಿದ್ದರೆ ಅಲ್ಲಿ ದನಿ ಉಸಿರು ಕಟ್ಟಿದ ಹಾಗೆ ಸತ್ತುಹೋಗುತ್ತದೆ. ಪ್ರತಿ ತಂತಿಯ ಮೇಲೂ ಅರ್ಧಸ್ವರ ಅರ್ಧಸ್ವರವಾಗಿ ಪೂರ್ತಿ ಹತ್ತಿ, ಎಲ್ಲೂ ಬಿಡಬೇಡಿ. ಕೊನೇ ತಂತಿಯ, ಅಂದರೆ ಜಿ ತಂತಿಯ, ಐದರಿಂದ ಏಳನೇ ಜಾಗದವರೆಗೆ ಸ್ವರ ಬೇಗ ಆರಿಹೋಗುವುದು ಬಹಳ ಬೇಸುಗಳಲ್ಲಿ ಇದ್ದದ್ದೇ. ಎಷ್ಟು ಆರುತ್ತದೆ ಅನ್ನುವುದು ಮುಖ್ಯ. ಒಂದೇ ಮಾಡೆಲ್ಲಿನ ಎರಡು ಬೇಸ್ ಇದ್ದರೆ ಎರಡನ್ನೂ ನುಡಿಸಿ ನೋಡಿ.

ಮರದ ಹೆಸರು ಓದುವಾಗ ಒಂದು ಮಾತು. ಇಂಡಿಯನ್ ರೋಸ್‌ವುಡ್ ಅಂತ ಪಟ್ಟಿಯಲ್ಲಿ ಬರೆದಿರುತ್ತಾರಲ್ಲ, ಅದು ನಮ್ಮ ಬೀಟೆ. ಮಲೆನಾಡಿನ ಮನೆಗಳಲ್ಲಿ ಅಜ್ಜನ ಕಾಲದ ಮಂಚ ಇರುತ್ತದಲ್ಲ, ಅದೇ. ಜಾವಾದಲ್ಲೂ ಇದೇ ಜಾತಿಯ ಮರ ಬೆಳೆಸುತ್ತಾರೆ, ಅಲ್ಲಿ ಅದಕ್ಕೆ ಸೊನೊಕೆಲಿಂಗ್ ಅಂತ ಹೆಸರು. 2017ರಲ್ಲಿ ಇಡೀ ರೋಸ್‌ವುಡ್ ಕುಲದ ಅಂತರರಾಷ್ಟ್ರೀಯ ಸಾಗಾಟಕ್ಕೆ ಕಾಗದಪತ್ರ ಕಡ್ಡಾಯವಾದಾಗ ಬಹಳ ಕಂಪನಿಗಳು ಜಟೋಬಾ, ಲಾರೆಲ್, ಪಾವ್ ಫೆರೋ ಅಂತ ಬೇರೆ ಮರಗಳಿಗೆ ಹೋದವು. ಪೂರ್ತಿ ತಯಾರಾದ ವಾದ್ಯಗಳಿಗೆ ಆ ಕಟ್ಟು 2019ರ ಕೊನೆಯಲ್ಲಿ ಸಡಿಲವಾಯಿತು. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಎಲ್ಲ ತರಹದ ಬೋರ್ಡೂ ಸಿಗುತ್ತವೆ. ಎಬೊನಿ ಸಿಕ್ಕರೆ ಒಳ್ಳೆಯದು, ಗಟ್ಟಿ, ಬೇಗ ಸವೆಯುವುದಿಲ್ಲ. ಬೀಟೆಯೂ ಸಾಕು, ತಂತಿ ಸರಿಯಾದದ್ದು ಹಾಕಿದರೆ. ಸ್ಟೇನ್‌ಲೆಸ್ ಸ್ಟೀಲಿನ ರೌಂಡ್‌ವೌಂಡ್ (ಮೇಲೆ ದುಂಡು ಎಳೆ ಸುತ್ತಿದ ತಂತಿ) ಹಾಕಿದರೆ ಅದು ಅರದ ಹಾಗೆ ಮರ ತಿನ್ನುತ್ತದೆ. ನಿಕ್ಕಲ್ ಸ್ವಲ್ಪ ವಾಸಿ, ಚಪ್ಪಟೆ ಎಳೆ ಸುತ್ತಿದ ಫ್ಲ್ಯಾಟ್‌ವೌಂಡ್ ಮರಕ್ಕೆ ತುಂಬ ಹಿತ, ದನಿ ಮಾತ್ರ ಸ್ವಲ್ಪ ಮಂಕು.

ಫ್ರೆಟ್ ಇರಬೇಕಾದ ಜಾಗಗಳಲ್ಲಿ ಬೋರ್ಡಿನ ಮೇಲೆ ಗೆರೆ ಇರುವುದಾ, ಇಲ್ಲದ್ದಾ? ಗೆರೆ ಇದ್ದರೆ ನಾಚಿಕೆ ಅನ್ನುವವರು ಇದ್ದಾರೆ, ಪಿಟೀಲಿಗೆ ಗೆರೆ ಇದೆಯಾ ಅಂತ ವಾದಿಸುತ್ತಾರೆ. ಪಿಟೀಲಿನ ತಂತಿ ಸುಮಾರು 33 ಸೆಂಟಿಮೀಟರ್, ನಮ್ಮದು 86. ಕತ್ತಲೆ ವೇದಿಕೆಯಲ್ಲಿ ಎರಡನೇ ಜಾಗದಿಂದ ಹದಿನಾಲ್ಕಕ್ಕೆ ಹಾರುವಾಗ ನನಗೆ ಗೆರೆ ಬೇಕು. ಗೆರೆಯಿರುವುದನ್ನೇ ತಗೊಳ್ಳಿ. ಆದರೆ ಅಂಚಿನ ಚುಕ್ಕೆ ಎಲ್ಲಿವೆ ಅಂತ ನೋಡಿಕೊಳ್ಳಿ. ಕಳೆದ ವರ್ಷ ಒಬ್ಬ ಹುಡುಗ ಬಂದ. ನೆಕ್ ಬಾಗಿದೆ, ಎಲ್ಲ ಸ್ವರವೂ ಇಳಿದೇ ಬರುತ್ತೆ ಅಂದ. ನುಡಿಸು ಅಂದೆ. ಕತ್ತು ಬಗ್ಗಿಸಿ ಅಂಚಿನ ಚುಕ್ಕೆ ನೋಡಿಕೊಂಡು ಸರಿಯಾಗಿ ಚುಕ್ಕೆಯ ಮೇಲೇ ಒತ್ತುತ್ತಿದ್ದ. ಅವನ ಬೇಸಿನಲ್ಲಿ ಚುಕ್ಕೆಗಳು ಎರಡು ಗೆರೆಗಳ ನಡುವೆ ಇದ್ದವು, ಫ್ರೆಟ್ ಬೇಸಿನಲ್ಲಿ ಇರುವ ಹಾಗೆ. ಫ್ರೆಟ್‌ಲೆಸ್‌ನಲ್ಲಿ ಸ್ವರ ಇರುವುದು ಗೆರೆಯ ಮೇಲೆ, ಹಾಗಾಗಿ ಅವನದು ಪ್ರತಿಯೊಂದೂ ಕಾಲು ಸ್ವರ ಇಳಿಕೆ. ನೆಕ್ ನೆಟ್ಟಗೇ ಇತ್ತು. ಗೆರೆಗಳ ಅಂಚಿಗೆ ಸರಿಯಾಗಿ ಬಿಳಿ ಸ್ಟಿಕರ್ ಚುಕ್ಕೆ ಅಂಟಿಸಿ ಕಳಿಸಿದೆ, ದುಡ್ಡು ತಗೊಳ್ಳಲಿಲ್ಲ.

ನಟ್ ಕಡೆ ಯಾರೂ ನೋಡುವುದೇ ಇಲ್ಲ. ತಂತಿ ತಲೆಯ ಕಡೆ ಕೂರುವ ಆ ಸಣ್ಣ ಬಿಳಿ ಪಟ್ಟಿ. ಫ್ರೆಟ್ ಇದ್ದರೆ ತಂತಿ ಮೊದಲ ಫ್ರೆಟ್ಟನ್ನು ದಾಟಬೇಕು, ಅದಕ್ಕೆ ನಟ್ ಎತ್ತರ ಇರುತ್ತದೆ. ಫ್ರೆಟ್‌ಲೆಸ್‌ನಲ್ಲಿ ದಾಟಲು ಏನೂ ಇಲ್ಲ. ಆದರೂ ಈ ಬೆಲೆಯ ಬೇಸುಗಳಲ್ಲಿ ಫ್ರೆಟ್ ಬೇಸಿನ ಎತ್ತರಕ್ಕೇ ಕೊರೆದ ನಟ್ ಎಷ್ಟೋ ಸಲ ನೋಡಿದ್ದೇನೆ. ಮೊದಲ ಎರಡು ಜಾಗದಲ್ಲಿ ಕೈ ನೋಯುತ್ತದೆ, ತಂತಿಯನ್ನು ಅಷ್ಟು ಕೆಳಗೆ ಒತ್ತಿದ್ದಕ್ಕೆ ಸ್ವರವೂ ಏರುತ್ತದೆ. ನಾನು ಒಂದು ವಿಸಿಟಿಂಗ್ ಕಾರ್ಡ್ ತಗೊಂಡು ನಟ್ಟಿನ ಪಕ್ಕದಲ್ಲೇ ತಂತಿಯ ಕೆಳಗೆ ತೂರಿಸುತ್ತೇನೆ. ಒಂದು ಕಾರ್ಡ್ ಅಲುಗಾಡದೆ ಹಿಡಿದುಕೊಂಡರೆ ಸರಿ. ಮೂರು ಕಾರ್ಡ್ ಸಲೀಸಾಗಿ ಹೋದರೆ ಅರ ಹಿಡಿಯಬೇಕು. ಅರ್ಧ ಗಂಟೆಯ ಕೆಲಸ. ಕೊಳ್ಳುವಾಗ ಇದನ್ನು ದೋಷ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಚೌಕಾಶಿಗೆ ಇಟ್ಟುಕೊಳ್ಳಿ.

ಹೆಸರು ಹೇಳಲೇಬೇಕು ಅಂದರೆ ನಾನು ಮೊದಲು ಹುಡುಕುವುದು ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಹೆಸರಿನ ಸೈರ್ ವಿ7, ಐಬನೇಜ್ ಎಸ್‌ಆರ್375ಇಎಫ್, ವಾರ್ವಿಕ್ ರಾಕ್‌ಬೇಸ್ ಕಾರ್ವೆಟ್, ಇವುಗಳ ಐದು ತಂತಿಯ ಫ್ರೆಟ್‌ಲೆಸ್. ಐಬನೇಜ್‌ನಲ್ಲಿ ಬ್ರಿಜ್ (ಬೇಸಿನ ಒಡಲಿನ ಮೇಲೆ ತಂತಿ ಕೂರುವ ತುಂಡು) ಹತ್ತಿರ ತಂತಿಗಳ ನಡುವೆ 16.5 ಮಿಲಿಮೀಟರ್ ಮಾತ್ರ ಜಾಗ. ಸಣ್ಣ ಕೈಗೆ ಸುಖ, ಹೆಬ್ಬೆರಳಿನಿಂದ ಬಡಿದು ನುಡಿಸುವವರಿಗೆ ಇಕ್ಕಟ್ಟು. ನಮ್ಮಲ್ಲಿ ಅಂಗಡಿ ಗೋಡೆಯ ಮೇಲೆ ಇಂಥವು ಕಾಣುವುದು ಕಡಿಮೆ, ಆರ್ಡರ್ ಕೊಟ್ಟು ಕಾಯಬೇಕು. ಅದೇ ಮಾಡೆಲ್ಲಿನ ಫ್ರೆಟ್ ಇರುವ ಬೇಸನ್ನಾದರೂ ಬೆಲ್ಟ್ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ. ಕೈ ಬಿಟ್ಟರೆ ತಲೆ ನೆಲದ ಕಡೆ ವಾಲುತ್ತದಾ ಅಂತ. ಎಡಗೈ ನೆಕ್ ಎತ್ತಿ ಹಿಡಿಯುವ ಕೂಲಿ ಮಾಡುತ್ತಿದ್ದರೆ ಗಮಕ ಎಲ್ಲಿಂದ ಬರಬೇಕು?

"ಫ್ರೆಟ್ ಇರೋದು ತಗೊಂಡು ಕಿತ್ತುಬಿಟ್ಟರೆ?" ಇದನ್ನೂ ಕೇಳುತ್ತಾರೆ. ಫ್ರೆಟ್‌ಲೆಸ್ ಬೇಸಿಗೇ ಹೆಸರಾದ ಜಾಝ್ ವಾದಕ ಜಾಕೋ ಪಾಸ್ಟೋರಿಯಸ್ ನುಡಿಸಿದ್ದು ಫ್ರೆಟ್ ಕಿತ್ತ 1962ರ ಫೆಂಡರ್ ಜಾಝ್ ಬೇಸ್, ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. ಆ ಕತೆ ಕೇಳಿ ಹುರುಪಾಗಿ ನಾನೂ ನನ್ನ ಹಳೇ ಬೇಸಿಗೆ ಕಟಿಂಗ್ ಪ್ಲೇಯರ್ ಹಾಕಿದ್ದೆ. ಬಿಸಿ ಮಾಡದೆ ಕಿತ್ತೆ. ಫ್ರೆಟ್ ಜೊತೆ ಮರದ ಚಕ್ಕೆಗಳೂ ಎದ್ದು ಬಂದವು, ಆ ಗುಂಡಿ ತುಂಬುವುದಕ್ಕೆ ಎರಡು ಭಾನುವಾರ ಹೋದವು. ಆಮೇಲೆ ಗೊತ್ತಾಯಿತು, ಫ್ರೆಟ್ಟಿನ ಎತ್ತರ ಹೋದಷ್ಟು ಬ್ರಿಜ್ಜೂ ಇಳಿಯಬೇಕು, ನನ್ನದು ಆಗಲೇ ತಳ ಮುಟ್ಟಿತ್ತು. ಕೆಟ್ಟರೆ ಕೆಡಲಿ ಅನ್ನುವ ಬೇಸ್ ಇದ್ದರೆ ಮಾಡಿ. ಎಪ್ಪತ್ತು ಸಾವಿರ ಕೊಟ್ಟದ್ದಕ್ಕೆ ಬೇಡ.

ತಂತಿಯ ಅದುರುವಿಕೆ ಹಿಡಿಯುವ ಪಿಕಪ್ಪು, ಅದನ್ನು ಹಿಗ್ಗಿಸುವ ಪ್ರೀಆಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ನಾಳೆ ಬದಲಾಯಿಸಬಹುದಾದವು. ಬ್ರಿಜ್ ಹತ್ತಿರ ಒಂದು ಪಿಕಪ್ ಇರಲಿ, ಫ್ರೆಟ್‌ಲೆಸ್‌ನ ಮಾತು ಸ್ಪಷ್ಟವಾಗುವುದು ಅಲ್ಲಿಂದ. ಆಕ್ಟಿವ್ (ಒಳಗೇ ಪ್ರೀಆಂಪ್ ಇರುವ) ಬೇಸ್ ಆದರೆ ಹೊಸ 9 ವೋಲ್ಟ್ ಬ್ಯಾಟರಿ ಒಂದು ಚೀಲದಲ್ಲಿರಲಿ, ಪ್ಲಗ್ ಹಾಕಿಯೇ ಇಟ್ಟರೆ ರಾತ್ರಿಯೆಲ್ಲ ಬ್ಯಾಟರಿ ಕುಡಿಯುತ್ತಿರುತ್ತದೆ.

ಎಪ್ಪತ್ತು ಸಾವಿರ ಇದ್ದರೆ ಅರವತ್ತೆರಡರ ಬೇಸ್ ನೋಡಿ. ಉಳಿದದ್ದು ಒಳ್ಳೆಯ ತಂತಿಗೆ, ನಟ್ಟಿಗೆ, ಬೋರ್ಡ್ ಉಜ್ಜಿ ಸಮ ಮಾಡಬೇಕಾಗಿ ಬಂದರೆ ಅದಕ್ಕೆ. ಬೇಸ್ ಮನೆಗೆ ಬಂದ ದಿನವೇ ಸೆಟಪ್‌ಗೆ (ನೆಕ್, ತಂತಿಯ ಎತ್ತರ ಹೊಂದಿಸಲು) ಓಡಬೇಡಿ, ಎರಡು ವಾರ ನಿಮ್ಮ ಮನೆಯ ಗಾಳಿಗೆ ಒಗ್ಗಲಿ. ಬೆಂಗಳೂರಿನ ಫೆಬ್ರವರಿ, ಮಾರ್ಚ್‌ನ ಒಣ ಹವೆಗೆ ಮರ ಕುಗ್ಗಿ ಗೆರೆಗಳ ಅಂಚು ಬೆರಳಿಗೆ ಚುಚ್ಚುವುದುಂಟು. ಜುಲೈಯಲ್ಲಿ ಮಂಗಳೂರಿಗೆ ಕಾರ್ಯಕ್ರಮಕ್ಕೆ ಒಯ್ದರೆ ಅದೇ ನೆಕ್ ಇನ್ನೊಂದು ಕಡೆ ಎಳೆದುಕೊಂಡಿರುತ್ತದೆ. ಟ್ರಸ್ ರಾಡಿನ (ನೆಕ್‌ನ ಬಾಗು ಸರಿಮಾಡಲು ಅದರೊಳಗಿರುವ ಸರಳು) ಅಲೆನ್ ಕೀ ಬೇಸಿನ ಜೊತೆಯೇ ಬರುತ್ತದೆ, ಡಬ್ಬಿ ಬಿಸಾಡುವಾಗ ಅದನ್ನೂ ಬಿಸಾಡಬೇಡಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ತಿರುಗಿಸಿದ ಮೇಲೆ ಮತ್ತೆ ಬಿ ತಂತಿಯ ಐದನೇ ಜಾಗ ಒತ್ತಿ ಇ ಜೊತೆ ಹೋಲಿಸಿ ನೋಡಿ.