ಡಾಟ್ ಟಿವಿ: ತುವಾಲುವಿನ ಗೇಣಿ ಲೆಕ್ಕ

ಪೆಸಿಫಿಕ್ ಸಾಗರದ ತುವಾಲು ದೇಶದ ಒಟ್ಟು ನೆಲ 26 ಚದರ ಕಿಲೋಮೀಟರ್, ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಮೀನು, ತೆಂಗು ಬಿಟ್ಟರೆ ಮಾರಲು ಹೆಚ್ಚೇನೂ ಇಲ್ಲದ ಈ ದ್ವೀಪಗಳ ಪಾಲಿಗೆ, ವೆಬ್ ವಿಳಾಸದ ಕೊನೆಯಲ್ಲಿ ಬರುವ ದೇಶದ ಗುರುತಾಗಿ, ಬಂದ ಎರಡಕ್ಷರ ‘ಟಿವಿ’. ಯಾರೂ ಆರಿಸಿ ಕೊಟ್ಟದ್ದಲ್ಲ. ದೇಶಗಳ ಸಂಕೇತಗಳಿಗೆ ಐಎಸ್‌ಒ 3166 ಎಂಬ ಪಟ್ಟಿ ಮೊದಲೇ ಇತ್ತು. ಡೊಮೇನ್‌ಗಳ, ಅಂದರೆ ಇಂಟರ್ನೆಟ್ ವಿಳಾಸದ ಹೆಸರುಗಳ, ಉಸ್ತುವಾರಿ ನೋಡುತ್ತಿದ್ದ ಜಾನ್ ಪೋಸ್ಟೆಲ್ ಅದನ್ನೇ ಬಳಸಿಕೊಂಡರು. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವ ಉಸಾಬರಿ ತಮ್ಮದಲ್ಲ ಎಂಬ ನಿಲುವು ಅವರ 1994ರ ದಾಖಲೆಯಲ್ಲಿದೆ.

ಇಲ್ಲಿ ಮಾರಾಟವಾಗುವುದು ಏನು? ನೇರ ವಿಡಿಯೊ ತಾಣ ಟ್ವಿಚ್‌ನ ವಿಳಾಸ ‘ಟ್ವಿಚ್ ಡಾಟ್ ಟಿವಿ’ ಎಂದು ಬ್ರೌಸರಿನಲ್ಲಿ ಬರೆದಾಗ, ವಿಳಾಸ ಹುಡುಕಾಟದ ಮೊದಲ ಮೆಟ್ಟಿಲಾದ ರೂಟ್ ಸರ್ವರ್ ನಮ್ಮನ್ನು ಟಿವಿ ವಲಯದ ಹೆಸರುಗಳ ಪಟ್ಟಿ ಇಟ್ಟಿರುವ ನೇಮ್ ಸರ್ವರ್‌ಗೆ ಕಳುಹಿಸುತ್ತದೆ, ಅದು ಟ್ವಿಚ್‌ನ ಸರ್ವರ್‌ಗಳತ್ತ ಕೈ ತೋರಿಸುತ್ತದೆ. ಈ ವಿಚಾರಣೆ ರಾಜಧಾನಿ ಫುನಾಫುಟಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಯಾವ ಹೆಸರು ಯಾರದು ಎಂದು ಬರೆದಿಡುವ ಆ ಖಾತೆ ಪುಸ್ತಕವೇ ರಿಜಿಸ್ಟ್ರಿ. ಅದನ್ನು ನಡೆಸುವ ಹಕ್ಕನ್ನು ತುವಾಲು ಗುತ್ತಿಗೆಗೆ ಕೊಡುತ್ತದೆ. ನಮಗೆ ಹೆಸರು ಮಾರುವ ರಿಜಿಸ್ಟ್ರಾರ್ ಬೇರೆ. ಇವೆರಡನ್ನೂ ಕಲಸಬೇಡಿ.

ಮೊದಲ ಒಪ್ಪಂದ ಮುರಿದು ಬಿತ್ತು: 1998ರಲ್ಲಿ ಆಯ್ಕೆಯಾದ ಕೆನಡಾದ ಕಂಪನಿಯಿಂದ 5 ಕೋಟಿ ಡಾಲರ್ ಹೊಂದಿಸಲಾಗಲಿಲ್ಲ. ನಂತರ ಹೊಸ ಕಂಪನಿಗಳನ್ನು ಕಟ್ಟುವ ಅಮೆರಿಕದ ಸಂಸ್ಥೆ ಐಡಿಯಾಲ್ಯಾಬ್ ಹುಟ್ಟುಹಾಕಿದ ಡಾಟ್‌ಟಿವಿ ಕಂಪನಿ ಮೂರು ತಿಂಗಳಿಗೊಮ್ಮೆ 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಆ ಹಣದ ಬಲದಿಂದಲೇ ತುವಾಲು 2000ದ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ 189ನೇ ಸದಸ್ಯನಾಯಿತು. ಫುನಾಫುಟಿಯ ರಸ್ತೆಗಳಿಗೆ ಡಾಂಬರು ಬಿತ್ತು. ಬಳಿಕ ಡಾಟ್‌ಟಿವಿಯನ್ನು ರಿಜಿಸ್ಟ್ರಿ ನಡೆಸುವ ಅಮೆರಿಕದ ಕಂಪನಿ ವೆರಿಸೈನ್ ಕೊಂಡಿತು. ಅದು ಕೊಡುತ್ತಿದ್ದ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಏನೇನೂ ಸಾಲದು ಎಂದು ತುವಾಲುವಿನ ಸಚಿವರೇ ಗೊಣಗಿದರು. ಮುಂದೆ ಮೊತ್ತ ಏರಿತು, 2021ರ ಕೊನೆಗೆ ರಿಜಿಸ್ಟ್ರಿಯ ಹೊಣೆಗೆ ಅಮೆರಿಕದ ಇನ್ನೊಂದು ಡೊಮೇನ್ ಕಂಪನಿ ಗೋಡ್ಯಾಡಿ ಆಯ್ಕೆಯಾಯಿತು.

ಇದು ಹೆಚ್ಚುಕಡಿಮೆ ಗೇಣಿ ಪದ್ಧತಿ: ಬೆಳೆ ಎಷ್ಟೇ ಬರಲಿ, ಒಡೆಯನಿಗೆ ಸೇರುವುದು ಮಾತಾಡಿಕೊಂಡಷ್ಟೇ. ಅಮೆಜಾನ್ 2014ರಲ್ಲಿ ಟ್ವಿಚ್ ಕಂಪನಿಯನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡಾಗ, ಅದರ ವಿಳಾಸದ ಬಾಲದಲ್ಲಿದ್ದ ದೇಶಕ್ಕೆ ಆ ವ್ಯಾಪಾರದಲ್ಲಿ ಪಾಲು ಇರಲಿಲ್ಲ. ಹಾಗೆಂದು ತುವಾಲು ಮೋಸಹೋಯಿತು ಎನ್ನಲು ನನಗೆ ಮನಸ್ಸಿಲ್ಲ. ವಿಡಿಯೊ ಸ್ಟ್ರೀಮಿಂಗ್ ಹೀಗೆ ಬೆಳೆಯುತ್ತದೆಂದು ಯಾರಿಗೂ ಗೊತ್ತಿರದ ಕಾಲದಲ್ಲಿ ಕೈಗೆ ಬರುವ ಖಚಿತ ಹಣ ಸಣ್ಣ ಮಾತಲ್ಲ.

ಎದುರು ಉದಾಹರಣೆ ಕೆರಿಬಿಯನ್‌ನ ಆಂಗ್ವಿಲಾ. ಇದು ಸ್ವತಂತ್ರ ದೇಶವಲ್ಲ, ಬ್ರಿಟನ್ನಿನ ಅಧೀನ ಪ್ರದೇಶ. ಇದರ ಸಂಕೇತ ‘ಎಐ’, ಕೃತಕ ಬುದ್ಧಿಮತ್ತೆಯ ಇಂಗ್ಲಿಷ್ ಹ್ರಸ್ವರೂಪವೂ ಅದೇ. ಇಲ್ಲಿ ಒಂದೊಂದು ನೋಂದಣಿಯ ಶುಲ್ಕವೂ ಸರ್ಕಾರದ ಬೊಕ್ಕಸಕ್ಕೆ ಬರುತ್ತಿತ್ತು. ಚಾಟ್‌ಜಿಪಿಟಿ ಬಂದ ಮರುವರ್ಷ, 2023ರಲ್ಲಿ, ಸುಮಾರು 3.2 ಕೋಟಿ ಡಾಲರ್ ಬಂತು, ಸರ್ಕಾರದ ಆದಾಯದ ಐದನೇ ಒಂದು ಭಾಗಕ್ಕೂ ಮಿಗಿಲು. ಕೃತಕ ಬುದ್ಧಿಮತ್ತೆಯ ಅಲೆ ಇಳಿದರೆ ಈ ಹಣವೂ ಇಳಿಯುತ್ತದೆ. ಕನಿಷ್ಠ 2 ವರ್ಷಕ್ಕೆ ನೋಂದಣಿ ಮಾಡಿಸಿದ ಕಂಪನಿಗಳಲ್ಲಿ ಎಷ್ಟು ನವೀಕರಿಸುತ್ತವೆ ಎಂಬುದರ ಮೇಲೆ ಅಲ್ಲಿನ ಬಜೆಟ್ ನಿಂತಿದೆ.