ನಿಕೋಟಿನ್ ಗಮ್ ಜಗಿದರೆ ಬಿಕ್ಕಳಿಕೆ ಬರುತ್ತದೆ, ಆಸೆ ಹೋಗುವುದಿಲ್ಲ: ಬೀಡಿ ಬಿಡಲು ಮೆಡಿಕಲ್‌ನವರು ಏನು ಮಾಡಬಲ್ಲರು?

ಪ್ರಶ್ನೆ: ಬೀಡಿ ಬಿಡಬೇಕೆಂದು ಮೆಡಿಕಲ್ ಶಾಪಿನಿಂದ ನಿಕೋಟಿನ್ ಗಮ್ ತಂದೆ. ಜಗಿದರೆ ಗಂಟಲುರಿ, ಬಿಕ್ಕಳಿಕೆ. ಸೇದುವ ಆಸೆ ಮಾತ್ರ ಹಾಗೆಯೇ ಇತ್ತು. ಮೂರನೆಯ ದಿನ ಬಿಟ್ಟುಬಿಟ್ಟೆ. ಈ ಗಮ್ ನಿಜವಾಗಿ ಕೆಲಸ ಮಾಡುತ್ತದೆಯೆ? ಗಮ್ ಕೊಡುವುದಲ್ಲದೆ ಮೆಡಿಕಲ್‌ನವರಿಂದ ಬೇರೇನಾದರೂ ಸಹಾಯ ಸಿಗುತ್ತದೆಯೆ?

ಉತ್ತರ: ಗಮ್ ಕೆಲಸ ಮಾಡುತ್ತದೆ. ಆದರೆ ಅದು ಜಗಿಯುವ ಮಿಠಾಯಿಯಲ್ಲ, ಔಷಧ. ಬಳಸುವ ಕ್ರಮ ತಿಳಿಯದೆ ಕೊಂಡವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಮೂರ್ನಾಲ್ಕು ದಿನಗಳಲ್ಲಿ ಕೈಬಿಡುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ಪೇಟೆಗಳಲ್ಲಿ ಟೋಕನ್ ಇಲ್ಲದೆ, ಫೀಸ್ ಇಲ್ಲದೆ ಔಷಧದ ಬಗ್ಗೆ ಕೇಳಬಹುದಾದ ತಜ್ಞರೆಂದರೆ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್. ನಾವು ಅವರ ಮುಂದೆ ದುಡ್ಡಿಟ್ಟು ಪೊಟ್ಟಣ ಎತ್ತಿಕೊಂಡು ಬರುತ್ತೇವೆ, ಅಷ್ಟೆ. ಔಷಧದ ಬಗ್ಗೆ ತಿಳಿಹೇಳುವುದು ಅವರ ಕೆಲಸದ ಭಾಗವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೇಳುತ್ತವೆ. ಕೌಂಟರಿನಲ್ಲಿರುವ ಎಲ್ಲರೂ ಫಾರ್ಮಸಿಸ್ಟ್ ಅಲ್ಲ. ‘ಫಾರ್ಮಸಿಸ್ಟ್ ಇದ್ದಾರಾ, ಐದು ನಿಮಿಷ ಮಾತಾಡಬೇಕಿತ್ತು’ ಎಂದು ಕೇಳಿ. ಸಂಜೆ ಡಾಕ್ಟರರ ಕ್ಲಿನಿಕ್ ನಡೆಯುವ ಹೊತ್ತು ಬಿಟ್ಟು ಮಧ್ಯಾಹ್ನ ಹೋದರೆ ಅವರಿಗೂ ಪುರುಸೊತ್ತಿರುತ್ತದೆ.

ಮೊದಲು ಗಮ್ಮಿನ ವಿಚಾರ. ಅದರಲ್ಲಿರುವ ನಿಕೋಟಿನ್, ಅಂದರೆ ಹೊಗೆಸೊಪ್ಪಿನಲ್ಲಿ ಚಟ ಹಿಡಿಸುವ ಅಂಶ, ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರಬೇಕು. ನುಂಗಿದರೆ ಅದರ ಬಹುಪಾಲನ್ನು ಯಕೃತ್ತು ಒಡೆದುಹಾಕುತ್ತದೆ. ಮೆದುಳಿಗೆ ಸಿಗುವುದು ಅಲ್ಪ, ಹೊಟ್ಟೆಗೆ ಸಿಗುವುದು ಉರಿ. ಬಬಲ್ ಗಮ್ಮಿನಂತೆ ಒಂದೇ ಸಮನೆ ಜಗಿದಾಗ ಆಗುವುದು ಇದೇ: ನಿಕೋಟಿನ್ ಒಮ್ಮೆಲೇ ಜೊಲ್ಲಿಗೆ ಬಿಡುತ್ತದೆ, ಜೊಲ್ಲು ಗಂಟಲಿಗಿಳಿಯುತ್ತದೆ, ಬಿಕ್ಕಳಿಕೆ ಶುರುವಾಗುತ್ತದೆ, ಆಸೆ ಇದ್ದಲ್ಲೇ ಇರುತ್ತದೆ. ನಿಮ್ಮ ಪ್ರಶ್ನೆಯಲ್ಲಿರುವ ಎರಡು ತೊಂದರೆಗಳಿಗೂ ಮೂಲ ಒಂದೇ.

ಸರಿಯಾದ ಕ್ರಮ ಹೀಗೆ: ನಿಧಾನವಾಗಿ ಕೆಲವು ಸಲ ಜಗಿಯಿರಿ. ಕರಿಮೆಣಸಿನಂಥ ಖಾರವೋ ಜುಮ್ಮೆನ್ನುವುದೋ ಅನುಭವಕ್ಕೆ ಬಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಬಿಡಿ. ಸುಮಾರು ಒಂದು ನಿಮಿಷದಲ್ಲಿ ಖಾರ ಇಳಿಯುತ್ತದೆ. ಆಗ ಮತ್ತೆ ನಾಲ್ಕಾರು ಸಲ ಜಗಿದು ಇನ್ನೊಂದು ಬದಿಗೆ ಇಡಿ. ಹೀಗೆ ಒಂದು ಗಮ್ ಅರ್ಧ ಗಂಟೆ ಬರುತ್ತದೆ.

ಎಲೆ ತಿನ್ನುವವರ ಊರು ನಮ್ಮದು, ಆದ್ದರಿಂದ ಮುಂದಿನದು ಸುಲಭವಾಗಿ ಅರ್ಥವಾದೀತು. ವೀಳ್ಯದ ಜೊತೆ ಹೊಗೆಸೊಪ್ಪು ಹಾಕುವವರು ಸುಣ್ಣ ಹಚ್ಚಿದಾಗ ‘ಹಿಡಿಯುವುದು’ ಏಕೆ? ಸುಣ್ಣ ಬಾಯಿಯನ್ನು ಕ್ಷಾರೀಯವಾಗಿಸುತ್ತದೆ, ಕ್ಷಾರದಲ್ಲಿ ನಿಕೋಟಿನ್ ಒಳಚರ್ಮವನ್ನು ಬೇಗ ದಾಟುತ್ತದೆ. ಗಮ್ಮಿನೊಳಗೂ ಇದೇ ಕೆಲಸಕ್ಕೆ ಕಾರ್ಬೊನೇಟ್ ಲವಣ ಸೇರಿಸಿರುತ್ತಾರೆ. ಹುಳಿ ಇದನ್ನು ಕೆಡಿಸುತ್ತದೆ. ಆದ್ದರಿಂದ ಜಗಿಯುವ 15 ನಿಮಿಷ ಮೊದಲಿನಿಂದ ಮುಗಿಯುವವರೆಗೆ ಕಾಫಿ, ಚಹಾ, ಸೋಡಾ, ಲಿಂಬೆ ಶರಬತ್ತು, ಪುನರ್ಪುಳಿ ಜ್ಯೂಸು, ಮಜ್ಜಿಗೆ ಬೇಡ. ನೀರು ಕುಡಿದು ಬಾಯಿ ಮುಕ್ಕಳಿಸಿ ಗಮ್ ಹಾಕಿಕೊಳ್ಳಿ. ಚಹಾ ಕುಡಿದ ಬೆನ್ನಿಗೇ ಬೀಡಿ ಹಚ್ಚುವ ಅಭ್ಯಾಸವಿದ್ದವರು ಅದೇ ಹೊತ್ತಿಗೆ ಗಮ್ ಹಾಕುವುದರಿಂದಲೇ ಎಷ್ಟೋ ಸಲ ಅದು ಹಿಡಿಯುವುದಿಲ್ಲ.

ಪ್ರಮಾಣದಲ್ಲೂ ತಪ್ಪುತ್ತದೆ. ‘ತೀರಾ ಆಸೆಯಾದಾಗ ಒಂದು’ ಎಂದು ದಿನಕ್ಕೆ ಎರಡು ಮೂರು ಜಗಿದರೆ ಸಾಲದು. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ದಿನಕ್ಕೆ ಕನಿಷ್ಠ 9. ಏಳರಿಂದ ಒಂಬತ್ತನೆಯ ವಾರದವರೆಗೆ ಎರಡರಿಂದ ನಾಲ್ಕು ಗಂಟೆಗೊಂದು. ಹತ್ತರಿಂದ ಹನ್ನೆರಡರವರೆಗೆ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ಮೀರಬಾರದು. ಗಮ್ಮಿನ ಬಲ ಎಷ್ಟಿರಬೇಕೆಂದು ನಿರ್ಧರಿಸಲು ಫಾರ್ಮಸಿಸ್ಟ್ ಮೊದಲು ಕೇಳುವ ಪ್ರಶ್ನೆ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ? ಅರ್ಧ ಗಂಟೆಯೊಳಗೆ ಎಂದಾದರೆ 4 ಮಿ.ಗ್ರಾಂ. ಬೇಕಾಗುತ್ತದೆ, ನಂತರವಾದರೆ 2 ಸಾಕು. 2 ಮಿ.ಗ್ರಾಂ. ಗಮ್ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ಚೀಟಿ ಬೇಕು. ಚೀಟಿ ಕೇಳಿದರೆಂದು ಫಾರ್ಮಸಿಸ್ಟರ ಮೇಲೆ ಸಿಟ್ಟಾಗಬೇಡಿ.

‘ಬೀಡಿ ಸಣ್ಣದಲ್ಲವೆ’ ಎಂಬ ಸಮಾಧಾನ ಬೀಡಿ ಕಟ್ಟಿಯೇ ಎಷ್ಟೋ ಮನೆ ನಡೆದ ಈ ಕಡೆಯಲ್ಲಿ ಬೇರೂರಿದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆಯೇ. ಆದರೆ ತೆಂಡು ಎಲೆಯ ಮೂಲಕ ಗಾಳಿ ಆಡುವುದಿಲ್ಲ. ಆರದಂತೆ ಇರಬೇಕಾದರೆ ಬೇಗಬೇಗ, ಜೋರಾಗಿ ಎಳೆಯಬೇಕು. ಒಳಗೆ ಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ. ಲೆಕ್ಕ ಹೇಳುವಾಗ ಬೀಡಿಯನ್ನು ಅರ್ಧ ಎಂದು ಹಿಡಿಯಬೇಡಿ. ಎಲೆಯಲ್ಲಿ ಹೊಗೆಸೊಪ್ಪು ಹಾಕುತ್ತಿದ್ದರೆ ಅದನ್ನೂ ಹೇಳಿ. ಬೀಡಿ ಬಿಟ್ಟು ಅದನ್ನು ಹೆಚ್ಚಿಸಿದರೆ ಚಟ ಜಾಗ ಬದಲಿಸಿದೆ, ಅಷ್ಟೆ.

ಹಲ್ಲಿನ ಸೆಟ್ ಇದ್ದವರಿಗೆ ಗಮ್ ಅಂಟುತ್ತದೆ. ಅವರಿಗೆ ಚೀಪುವ ಲೋಜೆಂಜ್ ಅಥವಾ ಚರ್ಮಕ್ಕೆ ಹಚ್ಚುವ ಪ್ಯಾಚ್ ವಾಸಿ. ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟು ಸೇದುವವರಿಗೆ 21 ಮಿ.ಗ್ರಾಂ. ಪ್ಯಾಚ್ ಆರು ವಾರ, ಬಳಿಕ 14 ಎರಡು ವಾರ, 7 ಎರಡು ವಾರ ಎಂಬುದು ರೂಢಿಯ ಕ್ರಮ. ನಮ್ಮ ಕರಾವಳಿಯ ಬೆವರಿಗೆ, ಮೈಗೆ ತೆಂಗಿನೆಣ್ಣೆ ಹಚ್ಚುವ ಅಭ್ಯಾಸಕ್ಕೆ ಪ್ಯಾಚ್ ಕಿತ್ತುಬರುತ್ತದೆ. ಸ್ನಾನವಾದ ಮೇಲೆ ಎಣ್ಣೆ, ಕ್ರೀಮು ಇಲ್ಲದ, ಕೂದಲಿಲ್ಲದ ಜಾಗವನ್ನು ಪೂರ್ತಿ ಒಣಗಿಸಿ, ಹಚ್ಚಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡಿಯಿರಿ. ದಿನಾ ಜಾಗ ಬದಲಿಸಿ. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆಯಬಹುದು. ತೆಗೆದದ್ದನ್ನು ಅಂಟು ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಪ್ಯಾಚಿನ ಜೊತೆ ಆಸೆಯಾದಾಗ ಗಮ್ ಎಂಬ ಜೋಡಿ ಒಂದೊಂದನ್ನೇ ಬಳಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಇನ್ನು ಮುಂದಿನದಕ್ಕೆ ಫಾರ್ಮಸಿಸ್ಟರೇ ಬೇಕು: ನೀವು ತಿನ್ನುವ ಬೇರೆ ಮಾತ್ರೆಗಳು. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ ಕೆಲವು ಔಷಧಗಳನ್ನು ಬೇಗ ಒಡೆಯುವಂತೆ ಮಾಡಿರುತ್ತವೆ. ಸೇದುವುದು ನಿಂತ ಒಂದು ವಾರದೊಳಗೆ ಕಿಣ್ವ ಮಾಮೂಲಿಗೆ ಇಳಿಯುತ್ತದೆ, ಅದೇ ಮಾತ್ರೆ ರಕ್ತದಲ್ಲಿ ಏರುತ್ತದೆ. ದಮ್ಮಿಗೆ ಕೊಡುವ ಥಿಯೋಫಿಲಿನ್ ಇದರಲ್ಲಿ ಮುಖ್ಯ. ಡೆರಿಫಿಲಿನ್ ಎಂದರೆ ನಿಮಗೆ ಗೊತ್ತಾದೀತು. ವಾಕರಿಕೆ, ಕೈನಡುಕ, ಎದೆಬಡಿತ ಹೆಚ್ಚಿದರೆ ಅದು ‘ಬೀಡಿ ಬಿಟ್ಟದ್ದರ ತೊಂದರೆ’ ಆಗಿರಬೇಕೆಂದಿಲ್ಲ, ಮಾತ್ರೆ ಹೆಚ್ಚಾಗಿರಬಹುದು. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಓಲಾಂಜಪಿನ್‌ಗಳದ್ದೂ ಇದೇ ಕತೆ. ಗಮ್ ಅಥವಾ ಪ್ಯಾಚ್ ಬಳಸಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬೀಡಿ ಬಿಡುವ ದಿನಕ್ಕೆ ಮೊದಲೇ ಹೆಸರು ತೋರಿಸಿ, ವೈದ್ಯರು ಪ್ರಮಾಣ ತಿದ್ದಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲ ವಾರಗಳಲ್ಲಿ ಸಕ್ಕರೆ ಇಳಿಯುತ್ತದೆಯೇ ನೋಡುತ್ತಿರಿ. ಕಾಫಿ ಚಹಾದ ಕೆಫೀನ್ ಕೂಡ ಇದೇ ಕಿಣ್ವದ ಪಾಲು. ಎಂದಿನಷ್ಟೇ ಕುಡಿದರೆ ನಿದ್ದೆಗೇಡು, ಚಡಪಡಿಕೆ. ಅರ್ಧಕ್ಕಿಳಿಸಿ.

ಗರ್ಭಿಣಿಯರು, 18 ತುಂಬದವರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ನಿಕೋಟಿನ್ ಔಷಧ ಆರಂಭಿಸಬಾರದು. ಸೇದುವ ಚಟ ಬಿಡಿಸಲು ಕೊಡುವ ಬುಪ್ರೊಪಿಯಾನ್, ವಾರೆನಿಕ್ಲಿನ್ ಮಾತ್ರೆಗಳಿಗೆ ಚೀಟಿ ಬೇಕೇ ಬೇಕು. ಅಪಸ್ಮಾರ ಇದ್ದವರಿಗೆ ಬುಪ್ರೊಪಿಯಾನ್ ಸಲ್ಲದು. ಇ-ಸಿಗರೇಟ್ ಕೇಳಬೇಡಿ, ಅದರ ಮಾರಾಟ 2019ರಿಂದ ದೇಶದಲ್ಲೇ ನಿಷಿದ್ಧ.

ಬಿಟ್ಟ ಮೊದಲ ವಾರವೇ ಕಠಿಣ, ಅದರಲ್ಲೂ ಎರಡು ಮೂರನೆಯ ದಿನ. ಮೂರನೆಯ ದಿನ ಮತ್ತೆ ಬರುತ್ತೇನೆಂದು ಫಾರ್ಮಸಿಸ್ಟರಿಗೆ ಹೇಳಿಯೇ ಬನ್ನಿ, ಒಂದು ವಾರದ ಗಮ್ ಮಾತ್ರ ಕೊಳ್ಳಿ; ಮುಗಿದಾಗ ಹೋಗಲೇಬೇಕಾಗುತ್ತದೆ. ನಡುವೆ ಒಂದು ಬೀಡಿ ಸೇದಿಬಿಟ್ಟರೆ ಗಮ್ ನಿಲ್ಲಿಸಬೇಡಿ, ಮುಂದುವರಿಸಿ, ನಡೆದದ್ದನ್ನು ಹೇಳಿ. ಅಂಗಡಿಯಲ್ಲಿ ಮಲಯಾಳದಲ್ಲೇ ಮಾತಾಡಬೇಕಾಗಿ ಬಂದು ಮನಸ್ಸಿನದ್ದು ಹೇಳಲಾಗದಿದ್ದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಉಚಿತ. ಬೀಡಿ ಕಟ್ಟಿನ ಮೇಲೂ ಇದೇ ಸಂಖ್ಯೆ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ.

ಬಾಯಲ್ಲಿ ಬಿಳಿ ಕಲೆ ಕಂಡರೆ, ಮೂರು ಬೆರಳು ನಿಲ್ಲಿಸಿ ಹಿಡಿಯುವಷ್ಟು ಬಾಯಿ ತೆರೆಯದಿದ್ದರೆ, ಎರಡು ವಾರ ದಾಟಿದ ಕೆಮ್ಮು ಇದ್ದರೆ ಗಮ್ ಕೊಳ್ಳುವುದಕ್ಕೂ ಮೊದಲು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ತೋರಿಸಿ.