ಪಹಣಿಯ ಹನ್ನೊಂದನೇ ಕಾಲಂ

ಸಿಂಧನೂರು, ಗಂಗಾವತಿ ಕಡೆ ಬ್ಯಾಂಕಿನಲ್ಲಿ ಕೃಷಿ ಸಾಲದ ಕೆಲಸ ಮಾಡಿದವರಿಗೆ ಕ್ಯಾಂಪು, ಅಂದರೆ ಹೊರಗಿಂದ ಬಂದವರು ನೆಲೆಸಿದ ಊರು, ಎರಡು ಥರ. ಒಂದು ಆಂಧ್ರದವರದು. ಎರಡಂತಸ್ತಿನ ಮನೆ, ಮುಂದೆ ಟ್ರ್ಯಾಕ್ಟರು, ಊರ ನಡುವೆ ರಾಮನ ಗುಡಿ, ಬಾಗಿಲಲ್ಲಿ ನಿಂತು ಮಾತಾಡಿಸುವ ಅಜ್ಜನ ಬಾಯಲ್ಲಿ ಕೃಷ್ಣಾ-ಗುಂಟೂರಿನ ತೆಲುಗು. ಇನ್ನೊಂದು ಬಂಗಾಲಿ ನಿರಾಶ್ರಿತರ ಪುನರ್ವಸತಿ ಕ್ಯಾಂಪು, ದಾಖಲೆಯಲ್ಲಿ ಆರ್‌.ಎಚ್‌. ಕ್ಯಾಂಪು. ತಗಡು, ಹೆಂಚಿನ ಮನೆಗಳು, ಹಿತ್ತಿಲಲ್ಲಿ ಮೀನಿನ ಹೊಂಡ, ಆಶ್ವೀಜದಲ್ಲಿ ದುರ್ಗಾಪೂಜೆಯ ಪೆಂಡಾಲು. ನನ್ನ ನೌಕರಿಯ ಬಹುಪಾಲು ಈ ಎರಡೂ ಕಡೆ ಹೊಲ ನೋಡುವುದರಲ್ಲಿ, ಪಹಣಿ ಓದುವುದರಲ್ಲಿ, ಕಂತು ಕಟ್ಟದವರ ಮನೆ ಮುಂದೆ ಮುಜುಗರದಿಂದ ನಿಲ್ಲುವುದರಲ್ಲಿ ಕಳೆಯಿತು.

ಹೊಸದಾಗಿ ಬಂದ ಅಧಿಕಾರಿಗಳಿಗೆ ಹೋಟೆಲಿನ ಬೆಂಚಿನ ಮೇಲೆ ಮೊದಲ ವಾರದಲ್ಲೇ ಒಂದು ಪಾಠ ಆಗುತ್ತದೆ. "ಇಬ್ರೂ ಹೊರಗಿಂದ ಬಂದೋರ ಸಾಹೇಬ್ರ. ಅದ ಕಾಲುವಿ, ಅದ ಎರಿ ಮಣ್ಣು. ಅವ್ರು ಹೆಂಗ ಬೆಳದ್ರು ನೋಡ್ರಿ, ಇವ್ರು ಇನ್ನಾ ಅಲ್ಲೇ ಅದಾರ." ಈ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ಸಾಲದ ಟಿಪ್ಪಣಿಗೂ ಇಳಿಯುತ್ತದೆ. ಒಬ್ಬರಿಗೆ ‘ಪ್ರಗತಿಪರ ರೈತರು’, ಇನ್ನೊಬ್ಬರಿಗೆ ‘ಮರುಪಾವತಿ ಸಂಶಯ’. ನಾನೂ ಹಾಗೆ ಬರೆದಿದ್ದೇನೆ. ಹಾಗೆ ಬರೆಯುವ ಮೊದಲು ಕೇಳಬೇಕಿದ್ದ ಪ್ರಶ್ನೆ ಇಷ್ಟೇ ಇತ್ತು: ಇಬ್ಬರೂ ಬಂದ ದಿನ ಕೈಯಲ್ಲಿ ಏನು ಹಿಡಿದುಕೊಂಡು ಬಂದರು?

ಆಂಧ್ರದವರಿಂದ ಶುರುಮಾಡೋಣ. ತುಂಗಭದ್ರಾ ಜಲಾಶಯದ ಕೆಲಸ 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳ ಜಂಟಿ ಯೋಜನೆಯಾಗಿ ಶುರುವಾಯಿತು. ನೀರು ಹರಿದದ್ದು 1953ರಲ್ಲಿ. ಎಡದಂಡೆ ಕಾಲುವೆ ಇಂದಿನ ಕೊಪ್ಪಳ, ರಾಯಚೂರು ಜಿಲ್ಲೆಗಳ ಮೂಲಕ ಸಾಗಿ 227 ಕಿಲೋಮೀಟರಿನ ತುದಿ ಮುಟ್ಟುತ್ತದೆ. ಇಲ್ಲಿನ ರೈತ ಜೋಳ, ಹತ್ತಿ ಬೆಳೆಯುತ್ತಿದ್ದವನು. ಎರೆಹೊಲಕ್ಕೆ ನೀರು ಹಾಯಿಸಬೇಕೆಂದರೆ ಮೊದಲು ನೆಲ ಮಟ್ಟ ಮಾಡಬೇಕು, ಒಡ್ಡು ಹಾಕಬೇಕು, ಎತ್ತು ಬೇಕು, ಆಳು ಬೇಕು, ಅಂದರೆ ರೊಕ್ಕ ಬೇಕು. ಜತೆಗೆ ನೀರು ಬಂದ ಹೊಲಕ್ಕೆ ಸರ್ಕಾರ ಸುಧಾರಣಾ ಕರ ಹಾಕುತ್ತದೆಂಬ ಭಯ. ಅದೇ ಹೊತ್ತಿಗೆ ಕರಾವಳಿ ಆಂಧ್ರದಿಂದ, ಹೆಚ್ಚಾಗಿ ಕಮ್ಮ ಸಮುದಾಯದ ರೈತರು, ಜಮೀನು ಕೇಳಿಕೊಂಡು ಬಂದರು. ಗೋದಾವರಿ, ಕೃಷ್ಣಾ ನದಿಗಳ ಮುಖಜ ಭೂಮಿಯಲ್ಲಿ ಹತ್ತೊಂಬತ್ತನೇ ಶತಮಾನದಿಂದಲೇ ಕಾಲುವೆ ನೀರಿನಲ್ಲಿ ಭತ್ತ ನಾಟಿ ಮಾಡಿ ಪಳಗಿದವರು. ಅಲ್ಲಿ ಒಂದೆರಡು ಎಕರೆ ಮಾರಿದರೆ ಇಲ್ಲಿ ಹತ್ತು ಹದಿನೈದು ಎಕರೆ ಸಿಗುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ.

ನನ್ನ ದೃಷ್ಟಿಯಲ್ಲಿ ಅವರು ತಂದ ದೊಡ್ಡ ಬಂಡವಾಳ ರೊಕ್ಕವಲ್ಲ, ಆಯ್ಕೆ. ಎಲ್ಲಿ ಕೊಳ್ಳಬೇಕು ಎಂಬುದನ್ನು ಅವರೇ ತೀರ್ಮಾನಿಸಿದರು. ನೀರಾವರಿ ಗೊತ್ತಿದ್ದವರು ಕಾಲುವೆಯ ಮೇಲ್ಭಾಗವನ್ನೇ ಹಿಡಿದರು, ವಿತರಣಾ ಕಾಲುವೆಯ ತೂಬಿಗೆ ಹತ್ತಿರದ ಹೊಲ ನೋಡಿಕೊಂಡರು. ಈ ಅಚ್ಚುಕಟ್ಟಿನ ಹೆಚ್ಚಿನ ಭಾಗವನ್ನು ಸರ್ಕಾರ ಗುರುತಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗಳಿಗೆ. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಆದರೆ ಮೇಲೆ ಕೂತವನು ಭತ್ತ ಹಚ್ಚಿದರೆ ತಡೆಯುವವರು ಯಾರು? ಗಂಗಾವತಿ ರಾಜ್ಯದ ಭತ್ತದ ಕಣಜವಾಯಿತು, ಕಾರಟಗಿಯಲ್ಲಿ ರೈಸ್‌ ಮಿಲ್ಲುಗಳೆದ್ದವು, ಸೋನಾ ಮಸೂರಿ ಬೆಂಗಳೂರಿನ ಅಂಗಡಿ ಸೇರಿತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೆಳಭಾಗದ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ರಸ್ತೆಗಿಳಿಯುವುದಕ್ಕೆ ಇದೂ ಒಂದು ಕಾರಣ. ಬರೀ ಆಂಧ್ರದವರ ಮೇಲೆ ಹೊರಿಸುವಂಥದ್ದಲ್ಲ ಇದು. ಮೇಲ್ಭಾಗದ ನಮ್ಮವರೂ ಬಹುಬೇಗ ಭತ್ತ ಕಲಿತರು.

ಕಾನೂನಿನ ಲೆಕ್ಕದಲ್ಲಿ ಆಂಧ್ರದವರನ್ನು ವಲಸಿಗರೆನ್ನುವುದೇ ಸಡಿಲ ಮಾತು. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, ಅವರು ಬಂದದ್ದು ಪಕ್ಕದ ರಾಜ್ಯದಿಂದ. ಬಂದ ದಿನವೇ ಪೂರ್ಣ ಪೌರರು. ಕೈಯಲ್ಲಿ ನೋಂದಣಿಯಾದ ಖರೀದಿ ಪತ್ರ. ಸೋತರೆ ಹಿಂದಿರುಗಲು ಊರು, ಹೊತ್ತಿಗಾಗಲು ಮಾವನ ಮನೆ.

ಈಗ ಬಂಗಾಲಿಗಳ ಕಡೆ ಬನ್ನಿ. ಆರ್‌.ಎಚ್‌. ಕ್ಯಾಂಪುಗಳ ಬಂಗಾಲಿಗಳಲ್ಲಿ ಹೆಚ್ಚಿನವರು ನಾಮಶೂದ್ರರು, ಪೂರ್ವ ಬಂಗಾಳದ ಹೊಳೆ, ಜೌಗು ಬಯಲುಗಳಲ್ಲಿ ಭತ್ತ ಬೆಳೆದು, ಮೀನು ಹಿಡಿದು ಬದುಕಿದ ಜನ. ದೇಶ ಒಡೆದಾಗ ಕಲ್ಕತ್ತೆಯಲ್ಲಿ ನೆಂಟರು, ನೌಕರಿ ಇದ್ದ ಮೇಲ್ಜಾತಿಯವರು ಮೊದಲೇ ಹೊರಟರು. ಇವರು ನೆಲ ಬಿಡಲಿಲ್ಲ. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ ಜೋಗೇಂದ್ರನಾಥ ಮಂಡಲ್ ಇದೇ ಸಮುದಾಯದವರು. ಅವರೇ 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದುಬಿಟ್ಟರು. 1964ರ ಗಲಭೆಗಳ ನಂತರ ಉಳಿದವರ ದೊಡ್ಡ ಅಲೆಯೊಂದು ಗಡಿ ದಾಟಿತು. ಪಶ್ಚಿಮ ಬಂಗಾಳ ತನ್ನಲ್ಲಿ ಜಾಗವಿಲ್ಲ ಎಂದಿತು. ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ಇಳಿಸಿ, ದಂಡಕಾರಣ್ಯಕ್ಕೆ ಕೆಲವರನ್ನು, ಬೇರೆ ರಾಜ್ಯಗಳಿಗೆ ಕೆಲವರನ್ನು ಹಂಚಿದರು. ಹಾಗೆ 1970ರ ದಶಕದ ಆರಂಭದಲ್ಲಿ ಒಂದು ಪಾಲು ಸಿಂಧನೂರಿಗೆ ಬಂತು. ಬರ್ಮಾದಿಂದ ವಾಪಸಾದ ಕುಟುಂಬಗಳೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ ಇಲ್ಲಿ ನೆಲೆಯಾದವು, ಅದು ಬೇರೆಯೇ ಕತೆ.

ಹೊಳೆ ಬಯಲಿನವರಿಗೆ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಹೂತುಹೋಗುವಷ್ಟು ಬಾಯಿ ಬಿಡುವ ನೆಲವನ್ನು ಮೊದಲ ಸಲ ನೋಡಿ ತನ್ನ ತಾಯಿ ಅತ್ತಿದ್ದಳೆಂದು ಕ್ಯಾಂಪಿನ ಹಿರಿಯರೊಬ್ಬರು ನನಗೆ ಹೇಳಿದ್ದರು. ಕುಟುಂಬಕ್ಕೆ ನಾಲ್ಕೈದು ಎಕರೆ, ಒಂದು ಮನೆ. ಯಾವ ಜಮೀನು ಎಂಬುದನ್ನು ಸರ್ಕಾರ ತೀರ್ಮಾನಿಸಿತ್ತು. ಅಷ್ಟು ಹೊತ್ತಿಗೆ ಕಾಲುವೆಗೆ ನೀರು ಬಂದು ಹದಿನೆಂಟು ವರ್ಷವಾಗಿತ್ತು, ಒಳ್ಳೆಯ ತೂಬುಗಳ ಪಕ್ಕ ಖಾಲಿ ನೆಲ ಉಳಿದಿರಲಿಲ್ಲ.

ನನ್ನ ಕಸುಬಿಗೆ ಸಂಬಂಧಿಸಿದ್ದು ಈಗ ಬರುತ್ತದೆ. ಪಹಣಿಯಲ್ಲಿ ಒಂಬತ್ತನೇ ಕಾಲಂ ಮಾಲೀಕನ ಹೆಸರು, ಹನ್ನೊಂದನೆಯದು ಹಕ್ಕು ಮತ್ತು ಋಣ, ಹನ್ನೆರಡನೆಯದು ಸಾಗುವಳಿದಾರ. ಖರೀದಿ ಜಮೀನಿನ ಹನ್ನೊಂದನೇ ಕಾಲಂ ಖಾಲಿ ಇರುತ್ತದೆ, ಇಲ್ಲವೇ ಹಳೆಯ ಬ್ಯಾಂಕ್ ಸಾಲವೊಂದು ನಮೂದಾಗಿರುತ್ತದೆ. ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಸಾಮಾನ್ಯವಾಗಿ ಪರಭಾರೆ ಮಾಡಬಾರದೆಂಬ ಶರತ್ತು ಅಂಟಿಕೊಂಡಿರುತ್ತದೆ. ಬಡವನ ನೆಲ ಯಾರೋ ಹೊಡೆದುಕೊಳ್ಳಬಾರದೆಂದು ಹಾಕುವ ಶರತ್ತು ಅದು, ಉದ್ದೇಶ ಒಳ್ಳೆಯದೇ. ಬ್ಯಾಂಕಿಗೆ ಅಡವಿಡುವುದಕ್ಕೆ ನಿಯಮಗಳಲ್ಲಿ ದಾರಿಯೂ ಇರುತ್ತದೆ. ಬೆಳೆ ಸಾಲಕ್ಕೆ ರೈತ 1974ರ ಕೃಷಿ ಸಾಲ ಕಾಯ್ದೆಯ ಪ್ರಕಾರ ಘೋಷಣೆ ಬರೆದುಕೊಟ್ಟರೆ ಜಮೀನಿನ ಮೇಲೆ ಬ್ಯಾಂಕಿನ ಹಕ್ಕು ಕೂರುತ್ತದೆ. ಆದರೆ ಶಾಖೆಯಲ್ಲಿ ಕೂತ ಮ್ಯಾನೇಜರು ಯೋಚಿಸುವುದು ಬೇರೆ: ನಾಳೆ ಇದನ್ನು ಹರಾಜು ಹಾಕಬಹುದೇ? ಹಾಕಿದರೆ ಕೊಳ್ಳುವವರು ಯಾರು? ಅನುಮಾನ ಬಂದಲ್ಲಿ ಫೈಲು ವಾಪಸು.

ಹಾಗೆ ವಾಪಸು ಕಳಿಸಿದವರಲ್ಲಿ ನಾನೂ ಒಬ್ಬ. ತೊಂಬತ್ತರ ದಶಕದಲ್ಲಿ ಕ್ಯಾಂಪಿನ ಒಬ್ಬ ಯಜಮಾನರು ಎತ್ತು-ಗಾಡಿ ಸಾಲಕ್ಕೆ ನಾಲ್ಕು ಸಲ ಬಂದರು. ಪ್ರತಿ ಸಲ ಒಂದೊಂದು ಕಾಗದ ಕೇಳಿದೆ. ನಾಲ್ಕನೇ ಸಲ ಅವರು ಬಂಗಾಲಿ ಎಳೆತದ ನಮ್ಮ ರಾಯಚೂರು ಕನ್ನಡದಲ್ಲಿ ಕೇಳಿದರು, "ಸಾಹೇಬ್ರ, ಈ ನೆಲಾ ಸರ್ಕಾರನ ಕೊಟ್ಟದ್ದು. ನಿಮ್ಮ ಬ್ಯಾಂಕೂ ಸರ್ಕಾರದ್ದ. ಇಬ್ರೂ ಒಬ್ರನ್ನೊಬ್ರು ನಂಬಂಗಿಲ್ಲ ಅಂದ್ರ ನಾ ಎಲ್ಲಿಗಿ ಹೋಗ್ಲಿ?" ಉತ್ತರ ಕೊಡಲಾಗಲಿಲ್ಲ. ಅವರು ಹೋದದ್ದು ಅಡತಿ ಅಂಗಡಿಗೆ, ಬೆಳೆಯ ಮೇಲೆ ಸಾಲ ಕೊಡುವ ದಲ್ಲಾಳಿಯ ಹತ್ತಿರ. ಆಂಧ್ರ ಕ್ಯಾಂಪಿನವರಿಗೂ ಅಡತಿ ಬೇಕು, ಆದರೆ ಅಲ್ಲಿ ಮಿಲ್ಲಿನವನು ನೆಂಟ, ಗೊಬ್ಬರದಂಗಡಿಯವನು ಊರವನು, ಚೀಟಿಯಲ್ಲಿ ಎಲ್ಲರೂ ಇದ್ದಾರೆ. ಬ್ಯಾಂಕು ತಡಮಾಡಿದರೂ ನಾಟಿ ನಿಲ್ಲುವುದಿಲ್ಲ. ಒಂದು ಹಂಗಾಮಿನ ನಾಟಿ ಹದಿನೈದು ದಿನ ತಡವಾದರೆ ಇಳುವರಿಗೆ ಏನಾಗುತ್ತದೆ ಎಂದು ಭತ್ತದವರಿಗೆ ಹೇಳಬೇಕಿಲ್ಲ.

ಇನ್ನು ಪಾಲು. ಐದು ಎಕರೆಗೆ ಇನ್ನೂರು ಗುಂಟೆ. ಮೂವರು ಗಂಡುಮಕ್ಕಳಿಗೆ ಹಂಚಿದರೆ ತಲೆಗೆ ಒಂದು ಎಕರೆ ಇಪ್ಪತ್ತಾರು ಗುಂಟೆ. ಅವರಿಗೆ ಇಬ್ಬಿಬ್ಬರು ಮಕ್ಕಳಾದರೆ ಮೊಮ್ಮಗನಿಗೆ ಮೂವತ್ಮೂರು ಗುಂಟೆ. ಹೆಣ್ಣುಮಕ್ಕಳ ಪಾಲು ಹಿಡಿದರೆ ಇನ್ನೂ ಕಡಿಮೆ. ಆಂಧ್ರ ಕ್ಯಾಂಪಿನಲ್ಲೂ ಪಾಲಾಗಿದೆ, ಆದರೆ ಅಲ್ಲಿ ಮೊದಲ ತಲೆಮಾರು ಹತ್ತಿರದ ಹೊಲ ಕೊಳ್ಳುತ್ತ ಹೋಯಿತು, ಎರಡನೆಯದು ಮಕ್ಕಳನ್ನು ಓದಿಸಿ ಹೈದರಾಬಾದಿಗೋ ಅಮೆರಿಕಕ್ಕೋ ಕಳಿಸಿತು.

ಜಾತಿ ಪ್ರಮಾಣ ಪತ್ರದ ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಪರಿಶಿಷ್ಟರ ಪಟ್ಟಿ ರಾಜ್ಯವಾರು ಇರುವುದರಿಂದ ಕರ್ನಾಟಕದಲ್ಲಿ ಆ ಹೆಸರಿಲ್ಲ. ಅದೇ ಜನ, ಅಲ್ಲಿ ಇಳಿದಿದ್ದರೆ ಮಕ್ಕಳಿಗೆ ಮೀಸಲಾತಿ ಸಿಗುತ್ತಿತ್ತು, ಇಲ್ಲಿಳಿದದ್ದರಿಂದ ಇಲ್ಲ. ಪೌರತ್ವದ ತೊಡಕು ಇದರ ಮೇಲೆ. ಸರ್ಕಾರವೇ ಕರೆತಂದ ಮೊದಲ ಕುಟುಂಬಗಳ ಸ್ಥಿತಿ ಬೇರೆ, ನಂತರ ನೆಂಟರ ಬೆನ್ನುಹತ್ತಿ ಬಂದವರ ಸ್ಥಿತಿ ಬೇರೆ. 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆ-ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ನಿಯಮ ಇನ್ನೂ ಬಿಗಿ, ಇಬ್ಬರಲ್ಲಿ ಒಬ್ಬರು ಅಕ್ರಮ ವಲಸಿಗರೆನಿಸಿದರೂ ಮಗು ಪೌರನಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣ ಪೌರ, ತಮ್ಮ ಅಲ್ಲ ಎಂಬಂಥ ಲೆಕ್ಕವೂ ಬರಬಹುದು. ಇಂಥವರಿಗೆ ಪೌರತ್ವದ ದಾರಿ ತೆರೆದ 2019ರ ಪೌರತ್ವ ತಿದ್ದುಪಡಿಗೆ ನಿಯಮ ಬಂದದ್ದು 2024ರ ಮಾರ್ಚಿನಲ್ಲಿ. ಅದೇ ವರ್ಷ ಸಿಂಧನೂರು ತಾಲ್ಲೂಕಿನ ಕೆಲವರ ಕೈಗೆ ಪೌರತ್ವ ಪತ್ರ ಬಂತು. ಅರ್ಧ ಶತಮಾನ ಇಲ್ಲೇ ಉತ್ತವರ ನಡುವೆ ಇದು ಸುದ್ದಿಯಾಗಬೇಕಾಯಿತು. ಪಾಸ್‌ಪೋರ್ಟು, ಸರ್ಕಾರಿ ನೌಕರಿಯ ಪರಿಶೀಲನೆ, ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಓದಿನಲ್ಲಿ ಮೀಸಲು ಕೊಡಿಸುವ 371ಜೆ ಪ್ರಮಾಣ ಪತ್ರ, ಎಲ್ಲಕ್ಕೂ ಬೇರು ಇಲ್ಲಿದೆ. ಆಂಧ್ರ ಕ್ಯಾಂಪಿನ ಹುಡುಗನಿಗೆ ಹತ್ತು ವರ್ಷದ ವಾಸದ ದಾಖಲೆ ತೋರಿಸಿ 371ಜೆ ಪಡೆಯುವುದು ಒಂದು ದಿನದ ಓಡಾಟ.

ಸಾಮಾಜಿಕ ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗಾಗುತ್ತದೆ, ನನಗೆ ಬಹಳ ಇಷ್ಟವಾದ ಭಾಗವೂ ಇದೇ. ಕನ್ನಡ ಯಾರಿಗೆ ಹತ್ತಿತು? ಬಂಗಾಲಿ ಕ್ಯಾಂಪಿನ ಮಕ್ಕಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತರು, ಕೂಲಿ ಕೆಲಸದಲ್ಲಿ ನಮ್ಮವರ ಜೊತೆ ಬಗ್ಗಿ ನಾಟಿ ಮಾಡಿದರು. ‘ಹೌದಲ್ರೀ’, ‘ಎಲ್ಲದೀಯೋ’ ಎನ್ನುವುದರಲ್ಲಿ ಅವರಿಗೂ ಲಿಂಗಸುಗೂರಿನವರಿಗೂ ವ್ಯತ್ಯಾಸ ಹುಡುಕಲಾರಿರಿ. ಆಂಧ್ರ ಕ್ಯಾಂಪಿನಲ್ಲಿ ತೆಲುಗಿನಿಂದ ನೇರ ಇಂಗ್ಲಿಷ್ ಮೀಡಿಯಂಗೆ ಜಿಗಿದ ಮನೆಗಳು ಸಾಕಷ್ಟಿವೆ. ದುಡ್ಡಿದ್ದವರಿಗೆ ಸುತ್ತಲಿನವರ ಭಾಷೆಯ ಅಗತ್ಯ ಕಡಿಮೆ. ಮದುವೆಯಲ್ಲಿ ಮಾತ್ರ ಇಬ್ಬರೂ ಒಂದೇ: ಇವರು ಗುಂಟೂರಿಗೆ ಹೋಗುತ್ತಾರೆ, ಅವರು ದಂಡಕಾರಣ್ಯದ ಬಂಗಾಲಿ ಊರುಗಳಿಗೆ.

ಹೋಟೆಲಿನ ಬೆಂಚಿನವರು ತಪ್ಪುವುದು ಇನ್ನೊಂದು ಕಡೆ. ಕಣ್ಣಿಗೆ ಕಾಣುವವರನ್ನಷ್ಟೇ ಅವರು ಎಣಿಸುತ್ತಾರೆ. ಬೆಳೆ ಹೋಗಿ, ನೆಲ ಸವಳು-ಜವಳಾಗಿ ಸೋತ ಆಂಧ್ರದವರು ಕಡಿಮೆ ಇರಲಿಲ್ಲ. ಹೊಲ ಮಾರಿ ಊರಿಗೆ ಹೋದರು. ಕ್ಯಾಂಪಿನಲ್ಲಿ ಉಳಿದವರು ಗೆದ್ದವರು. ಬಂಗಾಲಿ ಕ್ಯಾಂಪಿನಲ್ಲಿ ತದ್ವಿರುದ್ಧ. ಓದಿದವರು, ಕಸುಬು ಕಲಿತವರು ಬೆಂಗಳೂರು ಸೇರಿದರು. ಸೋತವರಿಗೆ ಹಿಂದಿರುಗಲು ಊರಿರಲಿಲ್ಲ, ಅವರು ಅಲ್ಲೇ ಉಳಿದರು. ಒಂದು ಜರಡಿಯಲ್ಲಿ ಕಾಳು ಉಳಿದಿದೆ, ಇನ್ನೊಂದರಲ್ಲಿ ಕಾಳು ಹೊರಗೆ ಹೋಗಿದೆ, ನಾವು ಎರಡೂ ಜರಡಿಗಳನ್ನು ಪಕ್ಕಪಕ್ಕ ಇಟ್ಟು ಬೆಳೆ ಅಳೆಯುತ್ತೇವೆ. ಅಂದಮೇಲೆ ಶ್ರಮಕ್ಕೆ ಬೆಲೆಯಿಲ್ಲವೇ? ಇದೆ. ಆಂಧ್ರದ ರೈತ ಭೂಮಿ ಮಟ್ಟ ಮಾಡಿದ ರೀತಿ ನೋಡಿದವನು ನಾನು, ಅದನ್ನು ಸುಮ್ಮನೆ ಅದೃಷ್ಟ ಎನ್ನಲಾರೆ. ಆದರೆ ಅಷ್ಟೇ ಬೆವರು ಹಿಂದಿನ ಹೊಂಡದಲ್ಲಿ ಮೀನು ಸಾಕಿ, ಮುಂದಿನ ಗೇಣು ನೆಲದಲ್ಲಿ ಕಾಯಿಪಲ್ಲೆ ಬೆಳೆದು ಸಂತೆಗೆ ಹೊತ್ತ ಹೆಂಗಸಿನದೂ ಇತ್ತು. ಅವಳ ಬೆವರಿಗೆ ಅಡವಿಡುವ ಕಾಗದ ಇರಲಿಲ್ಲ.

ಮೂರನೆಯ ಗುಂಪೊಂದು ಈ ಹೋಲಿಕೆಯಲ್ಲಿ ಬರುವುದೇ ಇಲ್ಲ. ಐವತ್ತರ ದಶಕದಲ್ಲಿ ಎರೆಹೊಲ ಮಾರಿದ ಮನೆಗಳು, ಆ ಹೊಲದಲ್ಲಿ ಆಳಾಗಿದ್ದ ದಲಿತರು. ಅವರ ಮೊಮ್ಮಕ್ಕಳು ಈಗ ಯಾವ ಕ್ಯಾಂಪಿನಲ್ಲೂ ಇಲ್ಲ, ಎರಡೂ ಕ್ಯಾಂಪಿನ ಗದ್ದೆಗಳಲ್ಲಿ ಇದ್ದಾರೆ.

ನಿವೃತ್ತಿಗೆ ವರ್ಷವಿದ್ದಾಗ ಒಂದು ಹೊಲ ತಪಾಸಣೆಗೆ ಹೋದೆ. ಪಹಣಿ ಆಂಧ್ರ ಕ್ಯಾಂಪಿನವರದು, ಮಾಲೀಕ ಹೈದರಾಬಾದಿನಲ್ಲಿ. ಗದ್ದೆಯಲ್ಲಿ ನೀರು ತಿರುಗಿಸುತ್ತಿದ್ದವನು ಬಂಗಾಲಿ ಕ್ಯಾಂಪಿನ ಯುವಕ. ಎಕರೆಗೆ ಇಷ್ಟು ಚೀಲವೆಂದು, ಎಪ್ಪತ್ತೈದು ಕಿಲೋ ಚೀಲ, ಬಾಯಿಮಾತಿನ ಲೀಜು. ಕರ್ನಾಟಕದಲ್ಲಿ 1974ರಿಂದ ಕೃಷಿ ಜಮೀನು ಗೇಣಿಗೆ ಕೊಡುವುದಕ್ಕೆ ನಿಷೇಧವಿರುವುದರಿಂದ ಅದನ್ನು ಕಾಗದದ ಮೇಲೆ ತರುವಂತಿಲ್ಲ. ಬೆಳೆ ಸಾಲ ಮಾಲೀಕನ ಖಾತೆಗೆ, ಬೆಳೆ ಹಾನಿಯಾದರೆ ಪರಿಹಾರವೂ ಅವನ ಖಾತೆಗೆ. ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡರೆ ಲೀಜುದಾರರಿಗೂ ಸಾಲವಿದೆ ಎಂದು ಹೇಳಿದೆ. ಹುಡುಗ ಸಲಿಕೆ ಊರಿ ನಿಂತು, "ಗುಂಪಿಗಿ ಎಷ್ಟು ಮಂದಿ ಬೇಕ್ರೀ?" ಎಂದ. ನಾಲ್ಕರಿಂದ ಹತ್ತು ಎಂದೆ. ಅವನು ಬದುವಿನ ಆಚೆ ಈಚೆ ನೋಡಿ ಬೆರಳು ಮಡಚುತ್ತ ಎಣಿಸತೊಡಗಿದ. ಮೂರನೇ ಹೆಸರು ನಮ್ಮೂರಿನ ಮಾದಿಗರ ಹುಡುಗನದು, ನಾಲ್ಕನೆಯದು ಆಂಧ್ರ ಕ್ಯಾಂಪಿನಲ್ಲೇ ಹೊಲವಿಲ್ಲದೆ ಉಳಿದವನೊಬ್ಬನದು. ನಾನು ಫಾರಂ ತೆಗೆದೆ.